ಹಾರ ಹಾಕಿದ ಪಟ

ತಮ್ಮ ಸತ್ತು ಏಳು ವರ್ಷವಾದ ಮೇಲೆ ಅಪ್ಪಯ್ಯಣ್ಣನಿಗೆ ಅವನ ಮೇಲೆ ಪ್ರೀತಿ ಹುಟ್ಟಿತು. ಹುಟ್ಟಿದ್ದಕ್ಕೆ ಕಾರಣವೂ ಇತ್ತು. ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷವಾಯಿತೆಂದು ಆ ಆಗಸ್ಟಿನಲ್ಲಿ ಊರೂರಿನ ಶಾಲೆಗಳಲ್ಲಿ ಸಮಾರಂಭ. ಪಂಚಾಯಿತಿ ಚುನಾವಣೆ ಬರುತ್ತದೆಂದು ಗುಸುಗುಸು. ಬೂದಿಗೆರೆ ಆಸುಪಾಸಿನ ನಾಲ್ಕಾರು ಹಳ್ಳಿಗಳಲ್ಲಿ ಯುದ್ಧದಲ್ಲಿ ಸತ್ತವನೆಂದರೆ ಮುನಿಶಾಮಪ್ಪ ಒಬ್ಬನೇ. ಅಂಥ ತಮ್ಮನನ್ನು ಸುಮ್ಮನೆ ಬಿಡಲಾದೀತೇ? ಶಾಲೆಯ ಗೋಡೆಗೆ ಅವನ ಪಟ ಹಾಕಿಸುತ್ತೇನೆ ಎಂದು ಅಪ್ಪಯ್ಯಣ್ಣ ಅರಳಿಕಟ್ಟೆಯ ಮೇಲೆ ಕೂತು ಸಾರಿದ. ಹೆಡ್‌ಮಾಸ್ತರು ನರಸಿಂಹಯ್ಯ, ಎತ್ತು ಈದಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ, ಅವತ್ತೇ ಗೋಡೆಗೆ ಮೊಳೆ ಹೊಡೆಸಿಬಿಟ್ಟರು.

ಹೊಸಕೋಟೆ ಕಡೆಗೆ ಮದುವೆಯಾಗಿ ಹೋಗಿದ್ದ ಅಕ್ಕಯಮ್ಮನಿಗೆ ಸುದ್ದಿ ಮುಟ್ಟಿದಾಗ ಉಗಿಯಬೇಕೆನಿಸಿತು. ಅಪ್ಪಯ್ಯಣ್ಣ ಅವಳ ಅಣ್ಣ, ಮುನಿಶಾಮಪ್ಪ ತಮ್ಮ. ನಡುವೆ ಹುಟ್ಟಿದವಳು ಇಬ್ಬರ ಬದುಕನ್ನೂ ಕಣ್ಣಾರೆ ಕಂಡಿದ್ದಳು. ಅಪ್ಪ ಸತ್ತು ಹೊಲಮನೆಯ ಯಜಮಾನಿಕೆ ಕೈಗೆ ಬಂದದ್ದೇ ಅಣ್ಣ ತಮ್ಮನನ್ನು ದನದ ಹಿಂದೆ ಅಟ್ಟಿದ. ತಾನು ತೊಟ್ಟು ಹಳತಾದ ಅಂಗಿ ಅವನಿಗೆ, ಎಲ್ಲರೂ ಉಂಡು ಉಳಿದರೆ ಮುದ್ದೆ ಅವನಿಗೆ. ಚೀನಾ ಯುದ್ಧ ಮುಗಿದ ಮಾರನೆಯ ವರ್ಷ, ಬೆಂಗಳೂರಿನಲ್ಲಿ ಮಿಲಿಟರಿಗೆ ಆಳು ತೆಗೆದುಕೊಳ್ಳುತ್ತಾರೆಂದು ಕೇಳಿ ಅವನು ಹೊರಟುಬಿಟ್ಟ. ದೇಶಭಕ್ತಿಯಂತೆ, ಮಣ್ಣು. ಹೊಟ್ಟೆ ತುಂಬ ಊಟ ಹಾಕ್ತಾರಂತಕ್ಕಾ ಎಂದಷ್ಟೇ ಅವನು ಅವಳಿಗೆ ಹೇಳಿದ್ದು. ಎರಡು ವರ್ಷಕ್ಕೆ ಪಾಕಿಸ್ತಾನದ ಯುದ್ಧದಲ್ಲಿ ಹೋದ. ತಂತಿ ಬಂತು, ಹೆಣ ಬರಲಿಲ್ಲ.

ಅವನದೆಂದು ಇದ್ದ ಫೋಟೋ ಒಂದೇ. ಮಿಲಿಟರಿಗೆ ಹೋಗುವ ಮುಂಚೆ ಹೊಸಕೋಟೆ ಸಂತೆಯಲ್ಲಿ ಅಕ್ಕನನ್ನು ನೋಡಲು ಬಂದವನನ್ನು, ಪರದೆ ಕಟ್ಟಿಕೊಂಡು ಕೂತಿದ್ದ ಫೋಟೋದವನ ಮುಂದೆ ಅವಳೇ ನಿಲ್ಲಿಸಿದ್ದಳು. ಮೈಮೇಲೆ ಅಣ್ಣನ ಹಳೆಯ ಅಂಗಿ, ಭುಜದ ಹತ್ತಿರ ಹರಿದು ಜೋತುಬಿದ್ದಿದೆ. ಮೂಳೆ ಎದ್ದ ಕತ್ತು. ಮುಖದಲ್ಲಿ ಮಾತ್ರ ಎಲ್ಲಿಲ್ಲದ ನಗು. ಯೂನಿಫಾರಂ ಹಾಕಿದ ಫೋಟೋ ಕಳಿಸುತ್ತೇನೆಂದು ಆಮೇಲೆ ಕಾಗದ ಬರೆದಿದ್ದ. ಅದು ಬರಲೇ ಇಲ್ಲ.

ಆಷಾಢದಲ್ಲಿ ಅಕ್ಕಯಮ್ಮ ಆ ಫೋಟೋ ಹಿಡಿದು ತವರಿಗೆ ಬಂದಳು.

"ಪಟ ಹಾಕ್ಸೋದಾದ್ರೆ ಇದನ್ನ ಹಾಕ್ಸಣ್ಣ. ಅವ್ನ ಮುಖ ನಾಲ್ಕು ಜನ ನೋಡ್ಲಿ. ನಾನೂ ಸತ್ತೋದ್ರೆ ಅವ್ನು ಹೆಂಗಿದ್ದ ಅಂತ ಯಾರಿಗೂ ಗೊತ್ತಿರಲ್ಲ."

ಅಪ್ಪಯ್ಯಣ್ಣ ಫೋಟೋವನ್ನು ತುದಿಬೆರಳಲ್ಲಿ ಹಿಡಿದು ಮೂಗು ಮುರಿದ. "ಇದೇನಮ್ಮಿ, ತಿರುಪೆಯೋನ ಥರ ಅವ್ನೆ. ಇದನ್ನ ಗೋಡೆಗೆ ಹಾಕಿದ್ರೆ ನಮ್ಮನೆ ಮರ್ಯಾದೆ ಏನಾಗ್ಬೇಕು?"

"ನೀನು ಇಟ್ಟಂಗೆ ಅವ್ನೆ."

"ಏನ್ ಮಾಡ್ಬೇಕು ಅಂತ ನಂಗೊತ್ತೈತೆ. ನೀನು ಸುಮ್ಕಿರು."

ಅವನು ಮಾಡಿದ್ದೇನು ಗೊತ್ತೇ? ದೇವನಹಳ್ಳಿಯಿಂದ ಬೋರ್ಡು ಬರೆಯುವ ಗಂಗಣ್ಣನನ್ನು ಕರೆಸಿ, ತಾನೇ ಕುರ್ಚಿಯ ಮೇಲೆ ಎದೆಯುಬ್ಬಿಸಿ ಕೂತ. ಒಡಹುಟ್ಟಿದವರ ಮುಖ ಒಂದೇ ಅಲ್ಲವೇನಯ್ಯಾ, ನನ್ನನ್ನು ನೋಡಿ ಬರಿ, ಮೇಲೊಂದು ಮಿಲಿಟರಿ ಟೋಪಿ ಇಡು ಎಂದ. ಗಂಗಣ್ಣ ಪಾಪ ಪ್ರಾಮಾಣಿಕ ಕೆಲಸಗಾರ. ತುಂಬಿದ ಕೆನ್ನೆ, ಹುರಿಮಾಡಿದ ಮೀಸೆ, ಬಲಗೆನ್ನೆಯ ಮೇಲಿನ ಕಪ್ಪು ಮಚ್ಚೆ, ಯಾವುದನ್ನೂ ಬಿಡದೆ ಬರೆದ. ಇಪ್ಪತ್ತೆರಡಕ್ಕೆ ಸತ್ತವನಿಗೆ ನಲವತ್ತೈದರ ಮುಖ ಬಂತು.

ಆಗಸ್ಟ್ ಹದಿನೈದರ ಬೆಳಿಗ್ಗೆ ಬಾವುಟ ಹಾರಿಸಿ ಎಲ್ಲರೂ ಶಾಲೆಯೊಳಗೆ ಸೇರಿದರು. ಅಣ್ಣ ಹಿಂದಕ್ಕೆ ಕೊಟ್ಟಿದ್ದ ಫೋಟೋವನ್ನು ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು ಅಕ್ಕಯಮ್ಮನೂ ಹೆಂಗಸರ ಸಾಲಿನಲ್ಲಿ ಕೂತಳು. ನರಸಿಂಹಯ್ಯ ಪಟದ ಮೇಲಿನ ಬಟ್ಟೆ ಸರಿಸಿದರು. ಜನ ಪಟ ನೋಡಿದರು, ಪಕ್ಕದಲ್ಲಿ ನಿಂತಿದ್ದ ಅಪ್ಪಯ್ಯಣ್ಣನನ್ನು ನೋಡಿದರು, ಆಮೇಲೆ ನೆಲ ನೋಡಿದರು. ಒಬ್ಬನಾದರೂ ತುಟಿ ಬಿಚ್ಚಬೇಕಲ್ಲ. ಮನೆಯಲ್ಲಿ ಹುಲಿ, ಊರಮುಂದೆ ಇಲಿ, ಎಲ್ಲರದೂ ಅದೇ ಜಾತಕ. ಮಾಸ್ತರು ಪಟಕ್ಕೆ ಹಾರ ಹಾಕಿ, ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಕಾಯಿ ಒಡೆದರು. ಅಪ್ಪಯ್ಯಣ್ಣ ಗಂಟಲು ಸರಿಮಾಡಿಕೊಂಡು ತಮ್ಮನನ್ನು ಮಗನ ಹಾಗೆ ಸಾಕಿದೆನೆಂದು ಶುರುಮಾಡಿದ. ಅಕ್ಕಯಮ್ಮ ಹಲ್ಲು ಕಚ್ಚಿಕೊಂಡು ಕೇಳಿದಳು.

ಅಷ್ಟರಲ್ಲಿ ಪಾಪಕ್ಕ ಕೋಲೂರಿಕೊಂಡು ಬಾಗಿಲಿಗೆ ಬಂದಳು. ದನದ ದಾರಿಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಮುದುಕಿ. ಮೂರು ತಿಂಗಳು ತ್ಯಾಮಗೊಂಡ್ಲಿನ ಮಗಳ ಮನೆಯಲ್ಲಿದ್ದು ಅವತ್ತು ತಾನೇ ಬಂದಿದ್ದಳು. ಬಾಗಿಲಿಗೆ ಅಡ್ಡ ನಿಂತಿದ್ದ ಜನರ ತಲೆಗಳ ಮೇಲಿಂದ ಅವಳಿಗೆ ಕಂಡದ್ದು ಗೋಡೆಯ ಪಟವೊಂದೇ.

"ಅಯ್ಯೋ ಶಿವನೇ, ಅಪ್ಪಯ್ಯಣ್ಣ ಯಾವಾಗ ಹೋದ್ನಪ್ಪಾ? ನಂಗೊಬ್ರೂ ಹೇಳ್ಲಿಲ್ವಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಪ್ಪಯ್ಯಣ್ಣ ಮುಂದೆ ಬಂದ. "ಇಲ್ಲೇ ಇವ್ನಿ ಕಣಜ್ಜಿ. ಅದು ನನ್ ತಮ್ಮಂದು."

"ಇದೀಯಾ? ಮತ್ತೆ ಬದುಕಿರೋರ ಮುಖಕ್ಕೆ ಯಾಕಪ್ಪಾ ಹಾರ ಹಾಕವ್ರೆ? ಕಾಯಿ ಬೇರೆ ಒಡ್ದವ್ರೆ. ಆಯಸ್ಸು ನಿಲ್ತದಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಅಪ್ಪಯ್ಯಣ್ಣನ ಕೈ ಬಲಗೆನ್ನೆಗೆ ಹೋಯಿತು. ಅವನಿಗೆ ಹಲ್ಲಿ ಲೊಚಗುಟ್ಟಿದರೂ ನಡುಕ, ಬೆಕ್ಕು ಅಡ್ಡ ಬಂದರೂ ನಡುಕ. ಇದು ಅಕ್ಕಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಎದ್ದು ಹೋಗಿ ಪಟದ ಮುಂದೆ ಕೂತು, ಸೆರಗು ಬಾಯಿಗಿಟ್ಟು ರಾಗ ತೆಗೆದು ಅಳತೊಡಗಿದಳು.

"ನನ್ನೊಡಹುಟ್ಟಿದಣ್ಣ, ಹೋಗ್ಬಿಟ್ಯಾ ನನ್ನಣ್ಣ, ಅತ್ತಿಗೆ ಕುಂಕುಮ ಅಳಿಸ್ಬಿಟ್ಯಾ ನನ್ನಣ್ಣ..."

"ಲೇ, ಅನಿಷ್ಟ, ಎದ್ದೇಳೇ."

"ಏಳ್ತೀನಿ. ಈ ಮುಖ ಯಾರ್ದು ಅಂತ ನೀನೇ ಹೇಳ್ಬಿಡು. ಮುನಿಶಾಮೀದಾದ್ರೆ ಹಾರ ಇರ್ಲಿ. ನಿಂದಾದ್ರೆ ತೆಗಿ."

ಇಡೀ ಊರು ಅವನ ಬಾಯನ್ನೇ ನೋಡಿತು. ಅವನು ಮೇಜು ಹತ್ತಿ, ಹಾರ ಕಿತ್ತು, ಕುಂಕುಮವನ್ನು ಪಂಚೆಯ ಚುಂಗಿನಿಂದ ಒರೆಸಿ, ಪಟ ಇಳಿಸಿ ಗೋಡೆಗೆ ತಿರುಗಿಸಿಟ್ಟ. ಪಂಚಾಯಿತಿ ಆಳುವ ಗಂಡು ಇವನೇ ನೋಡಿ.

ಅಕ್ಕಯಮ್ಮ ಕಣ್ಣೀರಿಲ್ಲದ ಕಣ್ಣು ಒರೆಸಿಕೊಂಡು ಎದ್ದಳು. ಚೀಲದಿಂದ ಫೋಟೋ ತೆಗೆದು ನರಸಿಂಹಯ್ಯನ ಕೈಗೆ ಕೊಟ್ಟಳು. ಇದೇ ಸರಿ ಕಣಮ್ಮ, ನಾನೂ ಮೊದಲೇ ಅಂದುಕೊಂಡೆ ಎನ್ನುತ್ತಾ ಅವರು ಅದನ್ನೇ ಗೋಡೆಗೆ ಸಿಕ್ಕಿಸಿದರು. ಎಂಥ ಮೇಷ್ಟ್ರೋ. ಅಂಗೈಯಗಲದ ಫೋಟೋ, ಆದರೂ ಹರಿದ ಅಂಗಿ ಬಾಗಿಲವರೆಗೂ ಕಾಣುತ್ತಿತ್ತು. ಜನ ಒಬ್ಬೊಬ್ಬರಾಗಿ ಹತ್ತಿರ ಬಂದು ನೋಡಿದರು. ಅಪ್ಪಯ್ಯಣ್ಣ ಮೆಲ್ಲಗೆ ಹೊರಗೆ ಜಾರಿದ. ಅವನ ಬೆನ್ನು ನೋಡುತ್ತಾ ಅಕ್ಕಯಮ್ಮನಿಗೆ ಅದೆಷ್ಟು ಹಿತವಾಯಿತೆಂದರೆ, ಏಳು ವರ್ಷದ ಉರಿ ಒಂದೇ ಗಳಿಗೆಗೆ ತಣ್ಣಗಾಯಿತು.

ಪಾಪಕ್ಕ ಫೋಟೋದ ಕೆನ್ನೆ ಸವರಿದಳು. "ಇವ್ನೇ ಕಣವ್ವಾ. ದನ ಬಿಟ್ಟು ನಮ್ಮ ಜಗಲಿ ಮ್ಯಾಗೆ ಕೂತ್ಕಂಡು, ಅಜ್ಜೀ ಒಂದ್ ಮುದ್ದೆ ಐತಾ ಅನ್ನೋನು. ನಂಗೆ ಇವ್ನ ಮುಖಾನೇ ಮರ್ತೋಗಿತ್ತು. ಇದು ಇಷ್ಟು ವರ್ಷ ಎಲ್ಲಿತ್ತವ್ವಾ?"

"ನನ್ ಟ್ರಂಕಿನಲ್ಲಿ."

"ಟ್ರಂಕಿನಲ್ಲಾ? ನಿನ್ ಗಂಡನ ಅಷ್ಟು ದೊಡ್ಡ ಮನೇಲಿ ಇವ್ನಿಗೊಂದು ಗೋಡೆ ಸಿಗ್ಲಿಲ್ವಾ?"

ಮುದುಕಿ ಕುಟುಕಲು ಕೇಳಿದ್ದಲ್ಲ. ತಿಳಿಯದೆ ಕೇಳಿದ್ದು. ಅಣ್ಣನಿಗೆ ಥೂ ಎಂದುಕೊಂಡೇ ಬಂದಿದ್ದ ಅಕ್ಕಯಮ್ಮ ಫೋಟೋದಿಂದ ಕಣ್ಣು ತೆಗೆದಳು. ಸಂತೆಯಿಂದ ಫೋಟೋವನ್ನು ಗಂಡನ ಮನೆಗೆ ತಂದ ದಿನವೇ ಹೊಸದಾಗಿ ಬಂದಿದ್ದ ಓರಗಿತ್ತಿ ಅದನ್ನು ಕೈಗೆತ್ತಿಕೊಂಡಿದ್ದಳು. ಮುನಿಶಾಮಿಯನ್ನು ಅವಳು ಕಂಡವಳಲ್ಲ. ಇವನ್ಯಾರಕ್ಕಾ, ನಿಮ್ಮ ತವರಿನ ಜೀತದಾಳಾ ಎಂದು ಕೇಳಿದ್ದಳು.

ಅಕ್ಕಯಮ್ಮ ಹೂಂ ಎಂದಿದ್ದಳು.