ಮೂರು, ನಾಲ್ಕು, ಎರಡು

ಸಂಜೀವಕುಮಾರನ ತಲೆಯಲ್ಲಿ ವಿಮಾನ ಹೊಕ್ಕಿದ್ದು ಯಾವ ಗಳಿಗೆಯಲ್ಲೋ, ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಪಕ್ಕದ ಅವನ ಖಾನಾವಳಿ ರೆಕ್ಕೆ ಹಚ್ಚಿಕೊಂಡು ನಿಂತುಬಿಟ್ಟಿತು. ತಗಡಿನ ಉದ್ದ ಶೆಡ್ಡು, ದುಂಡನೆಯ ಕಿಟಕಿಗಳು, ಬಾಲಕ್ಕೆ ನೀಲಿ ಬಣ್ಣ. ಹೈದರಾಬಾದಿನ ಯಾವುದೋ ಸಿನಿಮಾ ಸೆಟ್ಟಿನವರು ಗುಜರಿಗೆ ಹಾಕಿದ್ದ ಹಳೆಯ ಜಂಬೊ ವಿಮಾನದ ಸೀಟುಗಳನ್ನು ಲಾರಿಯಲ್ಲಿ ಹೇರಿಸಿ ತಂದಿದ್ದ. ಜನ್ಮದಲ್ಲಿ ಬಸ್ಸು ಬಿಟ್ಟು ಬೇರೆ ಹತ್ತದ ಮನುಷ್ಯ ಅವುಗಳನ್ನು ತನಗೆ ತಿಳಿದಂತೆಯೇ ಜೋಡಿಸಿದ್ದ. ಇಕ್ಕಟ್ಟಿನವು ಮುಂದೆ, ಅಗಲವಾದವು ಹಿಂದೆ, ಮೈ ದಪ್ಪ ಇದ್ದವರಿಗೆ. ಬಾಗಿಲ ಬಳಿ 'ಮಹಿಳೆಯರಿಗೆ' ಎಂದು ಬರೆಸುವುದೊಂದೇ ಬಾಕಿ ಇತ್ತು.

ಹರಿದ ಸೀಟುಗಳಿಗೆ ಹೊಸ ರೆಕ್ಸಿನ್ ಹೊಲಿಯಲು ಬಂದವಳು ಸುಮಂಗಲಾ. ಶಹಾಪುರದ ಬಸ್ ನಿಲ್ದಾಣದ ಹಿಂದೆ ಅವಳದು ಸೀಟ್ ಕವರಿನ ಅಂಗಡಿ. ಟ್ರ್ಯಾಕ್ಟರು, ಟಂಟಂ, ಜೀಪು, ಯಾವುದಕ್ಕೂ ಇಲ್ಲ ಎಂದವಳಲ್ಲ.

"ಸಂಜೀವಣ್ಣ, ನೀವು ವಿಮಾನ ಮಾಡೀರೋ, ಸುರಪುರ ಬಸ್ ಮಾಡೀರೋ?" ಎಂದು ಆಡಿಕೊಂಡು ನಕ್ಕಳು.

ನಕ್ಕಳೇನೋ ನಿಜ, ಆದರೆ ಆ ಸೀಟುಗಳಲ್ಲಿ ಒಂದರ ಮೇಲೂ ಕೂರಲಿಲ್ಲ. ಅವಳಪ್ಪ ತಾಯಪ್ಪ ಮುಂಬಯಿಯಲ್ಲಿ ಇಂಥದೇ ಜಂಬೊ ಹತ್ತಿ ಕುವೈತಿಗೆ ದುಡಿಯಲು ಹೊರಟವನು ಇಂದಿಗೂ ಇಳಿದಿಲ್ಲ. ಆಗ ಅವಳಿನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ಅವನ ಪಕ್ಕದ ಸೀಟಿನಲ್ಲಿ ಕೂತು ಹೋದವನು ಸುರಪುರದ ಸುಲ್ತಾನಸಾಬ. ಅವನು ಹೇಳುವುದು ಆವತ್ತಿನಿಂದ ಇವತ್ತಿನವರೆಗೂ ಒಂದೇ ಮಾತು: ತನಗೆ ಕಣ್ಣು ಹತ್ತಿತು, ಎಚ್ಚರಾದಾಗ ವಿಮಾನ ಇನ್ನೂ ಆಕಾಶದಲ್ಲೇ ಇತ್ತು, ತಾಯಪ್ಪನ ಸೀಟು ಖಾಲಿ ಇತ್ತು, ಬೆಲ್ಟು ಮಾತ್ರ ಹಾಕಿದ ಹಾಗೇ ಇತ್ತು. ಅಧಿಕಾರಿಗಳು ಜನರ ಗದ್ದಲದಲ್ಲಿ ಇಳಿದು ಹೋಗಿರಬೇಕು ಎಂದು ಕೈ ತೊಳೆದುಕೊಂಡರು. ಊರವರು ಅಲ್ಲೇ ಇನ್ನೊಂದು ಮದುವೆ ಮಾಡಿಕೊಂಡಿದ್ದಾನೆ ಎಂದರು. ಊರವರ ಬಾಯಿಗೆ ಬೀಗ ಹಾಕುವವರು ಯಾರು?

ಹೆಣ ಬರಲಿಲ್ಲ, ಹೀಗಾಗಿ ಸುಮಂಗಲಾಳ ತಾಯಿ ಮರಿಲಿಂಗಮ್ಮ ಬಳೆ ಒಡೆಯಲಿಲ್ಲ. ಹಿರಿಯರ ಅಮಾವಾಸ್ಯೆಗೆ ಗಂಡನ ಹೆಸರಲ್ಲಿ ಎಡೆ ಇಡಲೂ ಇಲ್ಲ, ಬದುಕಿರುವವನಿಗೆ ಎಡೆ ಇಟ್ಟರೆ ಏನು ಗತಿ? ಸೀಮಂತಕ್ಕೆ ಮುತ್ತೈದೆಯರನ್ನು ಕರೆಯಲು ಬಂದವರು ಅವಳ ಬಾಗಿಲ ಮುಂದೆ ಹೆಜ್ಜೆ ನಿಧಾನ ಮಾಡಿ, ಕುಂಕುಮದ ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದರು. ಇತ್ತ ವಿಧವೆಯಲ್ಲ, ಅತ್ತ ಮುತ್ತೈದೆಯಲ್ಲ. ಸಾಯುವ ಮುಂಚೆ ಇದೊಂದು ಇತ್ಯರ್ಥ ಆಗಲಿ ಎಂಬುದೊಂದೇ ಅವಳ ಹಂಬಲ. ಸುಮಂಗಲಾಳದು ಬೇರೆ. ಅವಳಿಗೆ ಒಂದೇ ಒಂದು ಸಲ 'ಅಪ್ಪಾ' ಎಂದು ಕರೆದು, 'ಹ್ಞಾಂ' ಎನಿಸಿಕೊಳ್ಳಬೇಕಿತ್ತು. ತನ್ನ ಮಕ್ಕಳಿಗೆ ಮೀಸೆ ಬಂದ ಮೇಲೂ ಆ ಆಸೆ ಹೋಗಿರಲಿಲ್ಲ, ಅದಕ್ಕೆ ಅವಳಿಗೆ ನಾಚಿಕೆಯೂ ಇರಲಿಲ್ಲ.

ಕೆಲಸ ಶುರುವಾದ ಮೇಲೆ ಒಂದು ವಿಚಿತ್ರ ಕಂಡಿತು. ನಾಲ್ಕು ಸೀಟು ಕೂಡಿಕೊಂಡಿದ್ದ ಒಂದು ಸಾಲಿನಲ್ಲಿ ಒಂದರ ಬೆಲ್ಟು ಪ್ರತಿ ಮುಂಜಾನೆ ಹಾಕಿರುತ್ತಿತ್ತು. ಅವಳು ಸಂಜೆ ಬಿಚ್ಚಿಟ್ಟು ಹೋಗುವಳು, ಮುಂಜಾನೆ ಬಂದರೆ ಕೊಂಡಿ ಕೂತಿರುವುದು. ಕೆಲಸದವರ ಕಿತಾಪತಿ ಎಂದು ಬೈದಳು. ಅವರು ನಮ್ಮಾಣಿಗೂ ನಾವಲ್ಲ ಎಂದರು. ಆ ಸಾಲಿನ ಮೇಲಿನ ರೆಕ್ಸಿನ್ ಬಿಚ್ಚಿದರೆ ಅಡಿಯಲ್ಲಿ ಇನ್ನೊಂದು ಬಟ್ಟೆ, ಅದರಡಿ ಮತ್ತೊಂದು, ಕಟ್ಟಕಡೆಗೆ ಕಿತ್ತಳೆ ಬಣ್ಣದ ಹೂವಿನ ದಪ್ಪ ಬಟ್ಟೆ. ಅಪ್ಪನ ವಿಮಾನದ ಸೀಟಿಗಿತ್ತೆಂದು ಸುಲ್ತಾನಕಾಕಾ ಹೇಳುತ್ತಿದ್ದ ಬಟ್ಟೆಯೂ ಅಂಥದೇ. ಸುಮಂಗಲಾ ಕತ್ತರಿ ಕೆಳಗಿಟ್ಟು ಅವನಿಗೆ ಫೋನು ಹಚ್ಚಿದಳು.

ಮರುದಿನ ಊಟದ ಹೊತ್ತಿಗೆ ಸುಲ್ತಾನಸಾಬ ಕೋಲೂರಿಕೊಂಡು ಬಂದ. ಬೇಡವೆಂದರೂ ಕೇಳದೆ ಮರಿಲಿಂಗಮ್ಮನೂ ಅದೇ ಆಟೋದಿಂದ ಇಳಿದಳು. ಮುದುಕ ಶೆಡ್ಡಿನೊಳಗೆ ಕಾಲಿಟ್ಟು ಸೀಟುಗಳನ್ನು ನೋಡಿ ತಲೆ ತಲೆ ಚಚ್ಚಿಕೊಂಡ.

"ಯಾ ಅಲ್ಲಾ! ಈ ಅಗಲ ಸೀಟು ಹಿಂದ ಯಾಕ ಹಾಕೀರಿ? ಇವು ಫಸ್ಟ್ ಕ್ಲಾಸ್ರಿ. ಮೂಗಿನ ಕಡಿ ಎರಡೆರಡ ಇರ್ತಿದ್ವು. ಅಲ್ಲೇ ಬಾಜೂಕ ಸುತ್ತುಮೆಟ್ಲ, ಮ್ಯಾಲ ಮಾಳಿಗಿಗೆ ಹೋಗಾಕ. ವಿಮಾನಕ್ಕೂ ಮಾಳಿಗಿ ಅದ ನೋಡೋ ಅಂತ ನಿಮ್ಮಪ್ಪ ಬಾಯಿ ತಕ್ಕೊಂಡು ನಿಂತಿದ್ದ, ಬೇಟಿ. ನಮ್ಮ ಎಕಾನಮಿ ಹಿಂದ. ಈಗಿನಂಗ ಸಾಲಿಗೆ ಹತ್ತು ಮಂದಿ ಅಲ್ಲ. ಅದು ಮೊದಮೊದಲಿನ ಜಂಬೊ, ಒಂಬತ್ತ ಮಂದಿ. ಒಂದ್ ಕಡಿ ಕಿಟಕಿಗೆ ಮೂರು, ನಡುವ ನಾಕು, ಆ ಕಡಿ ಎರಡು."

ಅಗಲ ಸೀಟುಗಳೂ ಎರಡೆರಡರ ಜೋಡಿ, ಎಕಾನಮಿಯ ಒಂದು ಕಡೆಯ ಕಿಟಕಿಯವೂ ಎರಡೆರಡರ ಜೋಡಿ. ಸಂಜೀವಕುಮಾರ ಎಡವಿದ್ದು ಅಲ್ಲೇ. ಯಾವುದು ಎಡಗಡೆಯದು, ಯಾವುದು ಬಲಗಡೆಯದು ಎಂಬುದನ್ನು ಸುಮಂಗಲಾ ಹೇಳಿದಳು. ಜನ ಓಡಾಡುವ ಕಡೆಯ ಕೈಯಾಸರೆ ಊಟದ ತಳ್ಳುಗಾಡಿ ತಾಗಿ ತಾಗಿ ತರಚಿರುತ್ತದೆ, ಕಿಟಕಿಯ ಕಡೆಯದು ನುಣ್ಣಗಿರುತ್ತದೆ. ಕೆಲಸದವರು ಎತ್ತಿ ಎತ್ತಿ ಇಟ್ಟರು. ಅಗಲದವು ಮುಂದೆ ಹೋದವು. ಮೂರರವು ಎಡಕ್ಕೆ, ಎರಡರವು ಬಲಕ್ಕೆ. ಕಡೆಗೆ ಕಿತ್ತಳೆ ಬಟ್ಟೆಯ ನಾಲ್ಕರ ಸಾಲನ್ನು ನಡುವೆ ಕೂಡಿಸಿ ನಟ್ಟು ಬಿಗಿದರು.

ಬಿಗಿದಿದ್ದೇ ತಡ, ಸುಮಂಗಲಾಳ ಕಿವಿ ಎರಡೂ ಗಪ್ಪೆಂದು ಮುಚ್ಚಿಕೊಂಡವು. ರಸ್ತೆಯ ಲಾರಿಗಳ ಸದ್ದಿಲ್ಲ. ಹೊರಗೆ ಹತ್ತಿಯ ಹೊಲದಲ್ಲಿ ಮಾತಾಡುತ್ತಿದ್ದ ಹೆಂಗಸರ ದನಿಯಿಲ್ಲ. ಸುಲ್ತಾನಸಾಬ ಬಾಯಿ ಅಗಲ ಮಾಡಿ ದವಡೆ ಆಡಿಸಿದ.

"ವಿಮಾನ ಮ್ಯಾಲ ಏರೂ ಮುಂದ ಹಿಂಗ ಆಗ್ತಿತ್ತು" ಎಂದ.

ಸಂಜೀವಕುಮಾರನಿಗೆ ಏನೂ ಆಗಲಿಲ್ಲ. ಅವನು ಹಸಿವು ಎಂದು ಗೊಣಗುತ್ತ ಕೆಲಸದವರನ್ನು ಕರೆದುಕೊಂಡು ಅಡುಗೆಮನೆ ಕಡೆ ಹೋದ. ಮುದುಕ ನಾಲ್ಕರ ಸಾಲಿನ ಕೈಯಾಸರೆಗಳನ್ನು ಒಂದೊಂದಾಗಿ ಸವರುತ್ತ ಹೋಗಿ ಎರಡನೆಯ ಸೀಟಿನ ಬಳಿ ನಿಂತ. ಅಲ್ಲೊಂದು ಸುಟ್ಟ ಕಲೆ.

"ಬೂದಿ ಡಬ್ಬಿ ಕೈಯಾಸರದಾಗ ಇತ್ತು. ತಾಯಪ್ಪಗ ಅದು ಗೊತ್ತಾಗ್ಲಿಲ್ಲ, ಬೀಡಿ ಇಲ್ಲೇ ಒತ್ತಿ ಆರಿಸಿದ. ತಂಗೀ ಮರಿಲಿಂಗಮ್ಮ, ಇದೇ ಸೀಟ್. ಖುದಾನ ಆಣಿ, ಇದೇ."

ಬೆಲ್ಟು ದಿನಾ ಹಾಕಿರುತ್ತಿದ್ದದ್ದೂ ಆ ಸೀಟಿನದೇ. ಈಗಲೂ ಹಾಕಿತ್ತು. ಅವ್ವನನ್ನು ಹೊರಗೆ ಕರೆದೊಯ್ಯೋಣವೆಂದು ಸುಮಂಗಲಾ ಕೈ ಹಿಡಿದರೆ ಅವ್ವ ಕೊಸರಿಕೊಂಡಳು.

"ನೀ ಬಿಡು. ನಾ ಅವನ ಬಾಜೂಕ ಕುಂದರ್ತೀನಿ."

ಮರಿಲಿಂಗಮ್ಮ ಮೂರನೆಯದರಲ್ಲಿ ಕೂತಳು. ಅವಳನ್ನು ಒಂಟಿ ಬಿಡಲಾರದೆ ಸುಮಂಗಲಾ ನಾಲ್ಕನೆಯದರಲ್ಲಿ ಕೂತಳು. ಸುಲ್ತಾನಸಾಬ ಆವತ್ತು ಕೂತ ಮೊದಲನೆಯದರಲ್ಲೇ ಕೂತ. ತಗಡು ಕಾಯ್ದಿತ್ತು, ಗಾಳಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮುದುಕನ ತಲೆ ಎದೆಯ ಮೇಲೆ ಬಿತ್ತು, ಗೊರಕೆ ಕೇಳಿಸಿತು.

ಬೀಡಿಯ ವಾಸನೆ ಬಂತು. ಆಮೇಲೆ ಎರಡನೆಯ ಸೀಟಿನ ಮೆತ್ತೆ ಮೆಲ್ಲಗೆ ತಗ್ಗಿತು, ಯಾರೋ ಮೈ ಹೊರಳಿಸಿ ಕೂತಂತೆ. ಸಡಿಲವಾಗಿದ್ದ ಬೆಲ್ಟು ಬಿಗಿಯಾಯಿತು. ಅದರೊಳಗೆ ಗಾಳಿಯ ಹೊರತು ಏನೂ ಇರಲಿಲ್ಲ.

"ಯವ್ವಾ," ಎಂದಿತು ಒಂದು ದನಿ. ಎಳೆಯ ದನಿ, ಸುಮಂಗಲಾಳ ಹಿರಿಯ ಮಗನ ವಯಸ್ಸಿನದು. "ಯವ್ವಾ, ಈ ಮುದುಕ ಯಾರ್ರಿ? ಇಲ್ಲಿ ನಮ್ಮ ಸುಲ್ತಾನಣ್ಣ ಕುಂತಿದ್ದ."

ಮರಿಲಿಂಗಮ್ಮನಿಗೆ ಅದು ಯಾರ ದನಿ ಎಂದು ಹೇಳಿಕೊಡಬೇಕಾಗಿರಲಿಲ್ಲ. ಗಂಡ ತನ್ನ ಹೆಂಡತಿಯ ಬಿಳಿ ಕೂದಲು, ಬೊಚ್ಚುಬಾಯಿ ನೋಡಿ, ಯಾವುದೋ ಊರಿನ ಮುದುಕಿ ಎಂದುಕೊಂಡು 'ಯವ್ವಾ' ಎನ್ನುತ್ತಿದ್ದ.

"ಅಂವ ಮುಂದ ಹೋಗ್ಯಾನಪ್ಪಾ," ಎಂದಳು.

"ನಂಗ ಜೊಂಪು ಹತ್ತಿತ್ರಿ. ಭಾಳ ಹೊತ್ತಾತು ಕುಂತು. ಇಳಿಯೂ ಜಾಗ ಬಂತೇನ್ರಿ? ಮನ್ಯಾಗ ನನ್ನ ಹೇಣ್ತಿ ಬಸರದಾಳ. ಕೂಸು ಹುಟ್ಟೂದ್ರಾಗ ಒಂದೀಟು ದುಡ್ಕೊಂಡು ತಿರುಗಿ ಹೋಗಬೇಕು."

ಸುಮಂಗಲಾಳ ಎದೆಯಿಂದ 'ಅಪ್ಪಾ' ಎಂಬ ಮಾತು ಎದ್ದು ಗಂಟಲಿಗೆ ಬಂದಿತ್ತು, ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದಳು. ಅವ್ವನ ಕೈ ಬಂದು ಅವಳ ಬಾಯಿಯನ್ನು ಬಿಗಿಯಾಗಿ ಮುಚ್ಚಿತು. ಆ ಮುದಿ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ, ಹಲ್ಲು ತುಟಿಗೆ ಒತ್ತಿ ನೋಯುತ್ತಿತ್ತು.

"ಬಂತಪ್ಪಾ," ಎಂದಳು ಮರಿಲಿಂಗಮ್ಮ. ಬಸ್ಸಿನಲ್ಲಿ ಪಕ್ಕದವರಿಗೆ ಹೇಳುವ ಹಾಗೆಯೇ ಹೇಳಿದಳು. "ಎಲ್ಲಾರೂ ಇಳದ್ರು. ನೀನೂ ಇಳಿ, ಹುಷಾರಾಗಿ ಹೋಗು."

ಕೊಂಡಿ ಕಟ್ಟೆಂದು ಬಿಚ್ಚಿತು. ಮೆತ್ತೆ ಮೇಲೆದ್ದಿತು. ನಿದ್ದೆಯಲ್ಲಿದ್ದ ಸುಲ್ತಾನಸಾಬನ ಮೊಣಕಾಲು ತಾನಾಗಿ ಒಂದಿಷ್ಟು ಪಕ್ಕಕ್ಕೆ ಸರಿಯಿತು, ದಾಟುವವರಿಗೆ ದಾರಿ ಬಿಟ್ಟಂತೆ. ಬಾಗಿಲ ಕಡೆಗೆ ಹೆಜ್ಜೆಗಳ ಸಪ್ಪಳ ಹೋಯಿತು, ಆಮೇಲೆ ಇಲ್ಲವಾಯಿತು. ಸುಮಂಗಲಾಳ ಕಿವಿ ಬಿಟ್ಟುಕೊಂಡವು. ರಸ್ತೆಯಲ್ಲಿ ಲಾರಿಯೊಂದು ಹಾರ್ನು ಹೊಡೆಯಿತು.

ಅವ್ವ ಕೈ ತೆಗೆದಳು. ಸುಮಂಗಲಾ ಬಿಕ್ಕಿ ಬಿಕ್ಕಿ ಅತ್ತಳು, ಸಿಟ್ಟಿನಿಂದ ಅವ್ವನ ತೋಳು ಹಿಡಿದು ಜಗ್ಗಿದಳು.

"ಒಂದ ಸಲ ಕರೀಬೇಕಿತ್ತಲ್ಲಬೇ ನಾ! ನಾ ಮಗಳಂತ ಯಾಕ ಹೇಳಗೊಡ್ಲಿಲ್ಲ?"

"ಹೇಳಿದ್ರ ಅಂವ ಇಳೀತಿದ್ನೇನು?" ಎಂದು ಮರಿಲಿಂಗಮ್ಮ ಎಡಗೈಯ ಬಳೆಗಳನ್ನು ಒಂದೊಂದಾಗಿ ತೆಗೆಯತೊಡಗಿದಳು.