ಪೆಟ್ಟಿಗೆ ಸಿಸ್ಟರ್

ಮಲಗಿದ ಕೂಸನ್ನು ಎತ್ತಿಕೊಂಡು ಹೊಸಿಲು ದಾಟುವವರ ಹಾಗೆ ನಡೆಯುತ್ತಿದ್ದರು ಪೆಟ್ಟಿಗೆ ಸಿಸ್ಟರ್. ಎದೆಗವಚಿದ ಆ ಸಣ್ಣ ಪೆಟ್ಟಿಗೆಯಂಥ ಯಂತ್ರ, ಕಫ ಪರೀಕ್ಷಿಸಿ ಕ್ಷಯ ಇದೆಯೋ ಇಲ್ಲವೋ ಮನೆಯಲ್ಲೇ ಹೇಳುವಂಥದ್ದು. ಅದರ ಬ್ಯಾಟರಿಗೆ ಚಳಿಯಾಗಬಾರದೆಂದು ಯಾರೋ ಗಂಡಸಿನ ಉದ್ದ ಕೋಟು ತೊಟ್ಟು, ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಂಡು, ಮಂಜಿನ ಒಂದು ತುಣುಕೇ ಕಾಲು ಮೂಡಿ ಬಂದಂತೆ ನಮ್ಮ ಓಣಿಗೆ ಬರುವರು. ಯಾರೇನು ಕೇಳಿದರೂ "ಇರಲಿ, ನೋಡೋಣ." "ಊಟ ಆಯ್ತಾ ಸಿಸ್ಟರ್?" ಎಂದರೂ ಅದೇ ಉತ್ತರ.

ಟೇಲರ್ ಅಕ್ಕನ ಸೊಸೆ, ಎಳೆಗೂಸಿನ ತಾಯಿ, ಬಹಳ ದಿನದಿಂದ ಕೆಮ್ಮುತ್ತಿದ್ದಳು. ಕ್ಷಯವಾದರೆ ಕೂಸಿಗೂ ತಗುಲೀತು. ಸುದ್ದಿ ಹಬ್ಬಿದರೆ ಈ ಮನೆಗೆ ಯಾರು ಬಟ್ಟೆ ಹೊಲಿಯಲು ಕೊಟ್ಟಾರು? ಸೊಸೆ ಡಬ್ಬಿಗೆ ಉಗುಳಿ, ಸೆರಗಿನಲ್ಲಿ ಮುಚ್ಚಿ ಕೊಟ್ಟಳು. ಸಿಸ್ಟರ್ ಅದರಿಂದ ಒಂದಿಷ್ಟನ್ನು ಪೆಟ್ಟಿಗೆಗೆ ಹಾಕಿದರು. ಹೊಲಿಗೆ ಯಂತ್ರದ ಪಕ್ಕದಲ್ಲಿ ಅದರ ಪುಟ್ಟ ಪರದೆ ನೀಲಿಯಾಗಿ ಬೆಳಗುತ್ತ ಕೂತಿತು. ಗುಂಡಿ, ದಾರದ ಉಂಡೆ, ಕೂಸಿನ ಕಣ್ಣು, ಎಲ್ಲವೂ ನೀರೊಳಗೆ ತೇಲುವಂತೆ ಕಂಡವು.

"ಏನೂ ತೋರಿಸ್ತಿಲ್ಲ," ಎಂದರು ಸಿಸ್ಟರ್.

"ನಾನು ಹೇಳಲಿಲ್ವಾ? ಬರೀ ನೆಗಡಿ!" ಎಂದು ಅತ್ತೆ ಕಣ್ಣೊರೆಸಿಕೊಂಡರು.

"ಇಲ್ಲ ಅಂತಿಲ್ಲ ಅಕ್ಕಾ, ಗೊತ್ತಾಗ್ಲಿಲ್ಲ ಅಂತಿದೆ."

"ಎರಡೂ ಒಂದೇ ತಾನೇ?"

"ಒಂದೇ ಆಗಿದ್ರೆ ಇಷ್ಟೊತ್ತಿಗೆ ನಾನು ಮನೇಲಿ ಮಲಗಿರ್ತಿದ್ದೆ."

ಡಬ್ಬಿಯನ್ನು ಬೆಳಕಿಗೆ ಹಿಡಿದರು. ಬರೀ ಎಂಜಲು, ಕಫವೇ ಇಲ್ಲ. ಅತ್ತೆಯೆದುರು ಕ್ಯಾಕರಿಸಲು ನಾಚಿ, ಹುಡುಗಿ ತುಟಿಯಂಚಿನದನ್ನಷ್ಟೇ ಕೊಟ್ಟಿದ್ದಳು. "ನೋಡ್ದೆ ಹಾಕಿದ್ದು ನನ್ನ ತಪ್ಪೇ," ಎಂದು ಅವಳನ್ನು ಹಿತ್ತಲಿಗೆ ಕರೆದೊಯ್ದರು. ಬೆನ್ನಹಿಂದೆಯೇ ಹೊರಟ ಅತ್ತೆಯನ್ನು ತಡೆದು, "ನೀವಿಲ್ಲೇ ಇರಿ ಅಕ್ಕಾ, ನಿಮ್ಮನ್ನ ಕಂಡ್ರೆ ಇವಳ ಕಫಕ್ಕೂ ಭಯ," ಎಂದರು. ಸೊಸೆಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು, ಕೆಮ್ಮಿನ ಹಿಂದೆ ಬೇಕಾದದ್ದು.

ಮತ್ತೆ ಆ ನೀಲಿ, ಮತ್ತೆ ಕಾಯುವುದು.

"ಸಿಕ್ತು," ಎಂದರು ಸಿಸ್ಟರ್, ಕಳೆದ ಮೂಗುತಿ ಸಿಕ್ಕವರ ದನಿಯಲ್ಲಿ. "ಕ್ಷಯಾನೇ. ಮಾತ್ರೆ ಬಿಡದೆ ತಗೊಂಡ್ರೆ ವಾಸಿಯಾಗುತ್ತೆ. ಕೂಸನ್ನೂ ನಾಳೆ ಡಾಕ್ಟರಿಗೆ ತೋರಿಸೋಣ."

ಟೇಲರ್ ಅಕ್ಕ ಎದ್ದು, ಕಿಟಕಿಯ ಬಳಿಯಿಂದ ಹೊಲಿಗೆ ಯಂತ್ರವನ್ನು ಗೋಡೆಯ ಮೂಲೆಗೆ ತಳ್ಳಿ, "ಗಾಳಿ ಬರುತ್ತೆ. ಇಲ್ಲಿ ಮಲಕ್ಕೋ," ಎಂದು ಸೊಸೆಗೆ ಹಾಸಿಗೆ ಬಿಡಿಸಿದರು.

ಒಳ್ಳೆಯ ಮಾತಿಗಾಗಿ ಲೋಕವೆಲ್ಲ ಕಾಯುತ್ತದೆ. ನಿಜದ ಮಾತಿಗಾಗಿ ಇನ್ನೊಮ್ಮೆ ಕಾಯುವವರ ಕುಲವೇ ಬೇರೆ. ಅಂಥವರು ಮನೆಯೊಳಗೆ ಕೂತಿರುವಷ್ಟು ಹೊತ್ತು ಇವರು ಯಾವಾಗ ಎದ್ದು ಹೋದಾರೋ ಅನ್ನಿಸುತ್ತದೆ, ಹೋದಮೇಲೆ ನಾವು ಉಸಿರಾಡುವುದು ಅವರಿಂದಲೇ.