ಜಡೆ ಕೊಯ್ದ ನೀರುಳ್ಳಿ

ಗದ್ದೆ ಅಂಚಿನ ಹೊಂಡದಿಂದ ಕೊಡಕೊಡ ನೀರು ಹೊತ್ತು ಬೀರಿಯ ನೆತ್ತಿಯ ಕೂದಲೇ ಸವೆದಿತ್ತು. ನೀರುಳ್ಳಿ ಕಿತ್ತ ಮೇಲೂ ಕೆಲಸ ಮುಗಿಯದು. ಅದರ ಒಣಸೊಪ್ಪನ್ನೇ ಜಡೆ ಹೆಣೆದು, ಗೊಂಚಲು ಮಾಡಿ, ಒಲೆಯ ಮೇಲಿನ ಜಂತಿಗೆ ತೂಗುಹಾಕಬೇಕು. ಹೊಗೆ ಕುಡಿದ ಗೊಂಚಲು ಚೌತಿಯವರೆಗೂ ಕೆಡದು. ಆಷಾಢದಲ್ಲಿ ಒಂದೊಂದೇ ಇಳಿಸಿ ಮಾರಿದರೆ ಮನೆಯಲ್ಲಿ ಗಂಜಿ ಬೇಯುತ್ತದೆ.

ಮೂವತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಅಂಕೋಲೆ ಪೇಟೆಯಲ್ಲಿ ಡಂಗುರ ಹೊಡೆಸಿದರು. ಇನ್ನು ಜಡೆ ಕೂಡದು. ಸೊಪ್ಪು ಕೊಯ್ದು, ಗೋಣಿಗೆ ತುಂಬಿ, ಮಂಗೇಶ ಸಾವಕಾರರ ದಾಸ್ತಾನು ಮಳಿಗೆಯಲ್ಲೇ, ಅವರ ವಖಾರಿಯಲ್ಲೇ, ತೂಗಿ ಮಾರಬೇಕು. ಗೋಣಿಗಳು ಮುಂಬಯಿ ಬೋಟಿಗೆ. ಮಳೆ ಹಿಡಿದರೆ ವಖಾರಿ ಬಂದ್. ಬೇರೆಡೆ ಮಾರಿದರೆ ದಂಡ. ಈ ಕಾಯ್ದೆ ಜಾರಿಯಾಗುವ ಮೊದಲು ಕಾರವಾರದ ಸಾಹೇಬರು ಬಂದು ರೈತರ ಅಹವಾಲು ಕೇಳುತ್ತಾರೆ.

“ಹುಲಿಯಾ ಗೌಡ್ರು ಮಾತಾಡ್ಲಿ,” ಎಂದಿತು ಬೀರಿಯ ಕೇರಿ, ಅಂದರೆ ಕೊಪ್ಪ. ಗೌಡ ಬಾಯಿ ತೆರೆಯುವ ಮುಂಚೆ ಕೊಪ್ಪದಲ್ಲಿ ಯಾರೂ ತೆರೆಯುವುದಿಲ್ಲ. ಪಟೇಲನನ್ನೇ ಗದರಿದ್ದ ಆಸಾಮಿ ಹುಲಿಯಾ. ಸಾಹೇಬ ಯಾವ ಲೆಕ್ಕ?

ಅಹವಾಲಿನ ದಿನ ಸಾಹೇಬರು ಕೂರುವ ಶಾಲೆಯ ಬಾಗಿಲಲ್ಲಿ ಮಂಗೇಶ ಸಾವಕಾರ ಬೀಗರಿಗೆ ಕಾದವನಂತೆ ನಿಂತಿದ್ದ.

“ಬರ್ಬೇಕು ಗೌಡ್ರು, ಬರ್ಬೇಕು! ವೀಳ್ಯ ತಕಳಿ.”

ಗೌಡನ ಅರವತ್ತು ವರ್ಷದ ಬದುಕಿನಲ್ಲಿ ಪೇಟೆಯವರು ಅವನನ್ನು ಜಗಲಿಯ ಕೆಳಗೇ ನಿಲ್ಲಿಸಿ ಮಾತಾಡಿಸಿದ್ದರು. ಗೌಡ ಉಬ್ಬಿದ. ಎಲೆ ಮಡಚಿ ಬಾಯಿಗಿಟ್ಟ.

ಹಿಂದಿದ್ದ ಬೀರಿ ತಡೆಯಲು ಕೈ ಚಾಚುವಷ್ಟರಲ್ಲಿ ಹೊತ್ತು ಮೀರಿತ್ತು. ಯಾರ ವೀಳ್ಯ ಮೆದ್ದೆಯೋ ಆ ದಿನ ಅವನಿಗೆ ಎದುರು ಮಾತಿಲ್ಲ. ಇದು ಕೊಪ್ಪದ ಕಟ್ಟಳೆ. ಸಾವಕಾರನಿಗೂ ಗೊತ್ತಿತ್ತು.

ಸಾಹೇಬ ಕುರ್ಚಿಯಲ್ಲಿ ಕೂತು ಕೆಮ್ಮಿದ. ಕಾರಕೂನನೂ ಅದೇ ರಾಗದಲ್ಲಿ ಕೆಮ್ಮಿದ.

“ಕೋಣಾಚೀ ಕಾಹೀ ತಕ್ರಾರ?” ಎಂದ ಸಾಹೇಬ, ಮರಾಠಿಯಲ್ಲಿ.

“ಯಾರದಾದ್ರೂ ತಕರಾರು ಉಂಟೋ?” ಎಂದ ಕಾರಕೂನ, ಸಾಹೇಬನ ಮೂಗುದನಿಯನ್ನೂ ಸಾಲ ಪಡೆದು.

ಎಲ್ಲರೂ ಗೌಡನನ್ನು ನೋಡಿದರು. ಗೌಡ ನೆಲ ನೋಡಿದ.

“ಉಗ್ದ್‌ಬಿಡಿ ಗೌಡ್ರೆ,” ಬೀರಿ ಪಿಸುಗುಟ್ಟಿದಳು.

“ರಸ ನುಂಗ್ಯಾಯ್ತಲ್ಲೇ, ಬೀರಿ.” ಗೌಡನ ಕಣ್ಣು ಒದ್ದೆಯಾಗಿತ್ತು.

ತಕರಾರಿಲ್ಲ ಎಂದು ಬರೆಯಲು ಕಾರಕೂನ ಲೆಕ್ಕಣಿಕೆ ಎತ್ತಿದ. ಬೀರಿ ಎದ್ದಳು. “ಕೂತ್ಕಾ, ಕೂತ್ಕಾ!” ಎಂದವರು ಅವಳ ಕೊಪ್ಪದ ಗಂಡಸರೇ.

“ಸೊಪ್ಪ್ ಕೊಯ್ಯಸ್ಬೇಡಿ ವಡೆಯಾ. ಕೊಯ್ದ್ರೆ ಎಂಟ್ ದಿನ್ದಲ್ಲಿ ಕೊಳಿತದೆ. ಜಡೆ ಹಾಕ್ದ್ರೆ ಚೌತಿತನ್ಕ ಇರ್ತದೆ. ಮಳೆಗಾಲ್ದಲ್ಲಿ ನಮ್ ಮಕ್ಳು ಎಂತ ತಿನ್ಬೇಕು?”

ಇಷ್ಟನ್ನೂ ಕಾರಕೂನ ಸಾಹೇಬನ ಕಿವಿಯಲ್ಲಿ ಮೂರು ಮಾತಿಗೆ ಮುಗಿಸಿದ. ಸಾಹೇಬನ ಮುಖ ಅರಳಿತು. ಅವನು ಮರಾಠಿಯಲ್ಲಿ ಅಂದದ್ದನ್ನೆಲ್ಲ ಕಾರಕೂನ ಅದೇ ಹುರುಪಿನಲ್ಲಿ ಕನ್ನಡದಲ್ಲಿ ಕೂಗಿದ.

“ಕೊಳೀತದೆ! ಬರೋಬರ್! ಅದಕ್ಕೇ ಕಿತ್ತ ಕೂಡಲೇ ಮಾರಬೇಕು. ಶಾಣ್ಯಾ ಹೆಂಗಸು! ಬರಕೊಳ್ಳಿ, ಬರಕೊಳ್ಳಿ.”

“ಅದಲ್ಲ ವಡೆಯಾ...”

“ನಿನ್ನ ಮಾತೇ ಬರ್ದದ್ದು. ಮತ್ತೆಂತದು? ಕೂತ್ಕ,” ಎಂದ ಕಾರಕೂನ. ಸಾವಕಾರ ಸಾಹೇಬನಿಗೆ ಎಳನೀರು ಕೊಚ್ಚಿಸಿದ.

ಮುಂದಿನ ಸಂತೆಯ ದಿನ ಮೋಡ ಕಟ್ಟಿತ್ತು. ವಖಾರಿಯ ಬಾಗಿಲಲ್ಲಿ ಹೆಂಗಸರು ಸಾಲಾಗಿ ಕೂತು ತಾವು ಹೆಣೆದ ಜಡೆಯನ್ನು ತಾವೇ ಕೊಯ್ಯುತ್ತಿದ್ದರು. ಕೊಯ್ದ ಮೇಲೆ ಸಾವಕಾರ ಬೆಲೆ ಹೇಳಿದ.

“ಇಷ್ಟೇನಾ ವಡೆಯಾ?” ಎಂದಳು ಸಾಲಿನಲ್ಲಿ ಒಬ್ಬಳು.

“ಬೇಡಾಂದ್ರೆ ಹೊತ್ಕಂಡ್ ಹೋಗಿ. ಎಂಟ್ ದಿನ ಬಿಟ್ ಬನ್ನಿ.” ಅವನು ನಕ್ಕ. “ಕಾಯ್ದೆ ನಾ ಮಾಡಿದ್ನಾ? ನಿಮ್ಮೋಳೇ ಒಬ್ಳು ಸಾಹೇಬರ ಮುಂದೆ ಕೇಳ್ಕಂಡದ್ದು. ಕಾಗದ್ದಲ್ಲಿ ಅದೆ.”

ಆಚೆ ಕೊಪ್ಪದ ತಿಮ್ಮಿ ಕತ್ತಿ ಕೆಳಗಿಟ್ಟಳು. “ಯಾವಳೇ ಅವ್ಳು? ಅವಳ ನಾಲ್ಗೆ ಸೇದ್‌ಹೋಗ!”

ಪಕ್ಕದಲ್ಲಿದ್ದ ಬೀರಿಯ ಕೈ ನಿಂತಿತು.

“ನಾನೇ ತಿಮ್ಮಿ,” ಎಂದಳು. “ಕೊಯ್ಯಸ್ಬೇಡಿ ಅಂತ್ಲೇ ಹೇಳಿದ್ದೆ.”

ತಿಮ್ಮಿ ಅವಳ ಮುಖವನ್ನೇ ನೋಡಿದಳು. ಆಮೇಲೆ ತನ್ನ ಬುಟ್ಟಿ ಎಳೆದುಕೊಂಡು ಆಚೆ ಸರಿದು ಕೂತಳು.